ನಮ್ಮ ಆಸ್ಪತ್ರೆಯ ಚರಿತ್ರೆ ಬರೆಯಲು ಕೂತಾಗ

ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸುವ ಆಸ್ಪತ್ರೆಯೊಂದರಲ್ಲಿ ನಾನು ಬಹಳ ವರ್ಷ ನರ್ಸ್ ಆಗಿದ್ದೆ. ನಿವೃತ್ತಿಗೆ ಸ್ವಲ್ಪ ಮುಂಚೆ ದೊಡ್ಡ ಡಾಕ್ಟರು ಕರೆದು, "ಸಿಸ್ಟರ್, ಆಸ್ಪತ್ರೆಯ ಚರಿತ್ರೆ ಬರೆದುಕೊಡಿ, ಹಳಬರಲ್ಲಿ ಉಳಿದಿರೋದು ನೀವೊಬ್ಬರೇ" ಅಂದರು. ಹತ್ತು ಪುಟದ ಕೆಲಸ ಅಂದುಕೊಂಡು ಹೂಂ ಅಂದೆ. ಎರಡು ವರ್ಷ ಹಿಡಿಯಿತು.

ಮೊದಲು ವಾರ್ಷಿಕ ವರದಿಗಳನ್ನು ಓದಿದೆ. ಯಾವ ಕಟ್ಟಡ ಯಾವಾಗ ಶುರುವಾಯಿತು, ಉದ್ಘಾಟನೆಗೆ ಯಾರು ಬಂದಿದ್ದರು, ಅಷ್ಟೇ. ಹುಡುಕಿದರೂ ಒಬ್ಬ ರೋಗಿ ಸಿಗಲಿಲ್ಲ. ಆಮೇಲೆ ಸ್ಟೋರ್ ರೂಮಿಗೆ ಹೋದೆ. ಮುರಿದ ಮಂಚಗಳ ಹಿಂದೆ ಅಡ್ಮಿಷನ್ ರಿಜಿಸ್ಟರ್, ಔಷಧಿ ಸ್ಟಾಕ್ ಪುಸ್ತಕ, ರಾತ್ರಿ ಪಾಳಿಯ ವರದಿ ಪುಸ್ತಕ ಇದ್ದವು. ಧೂಳು ಹೊಡೆದು ಮನೆಗೆ ಒಯ್ಯಲಿಲ್ಲ, ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಇಂಥ ಪುಸ್ತಕ ಆಸ್ಪತ್ರೆಯಿಂದ ಹೊರಗೆ ಹೋಗಬಾರದು.

ರಾತ್ರಿ ಪುಸ್ತಕದ ಒಂದು ಸಾಲು ಈಗಲೂ ನೆನಪಿದೆ. "ಬೆಡ್ 7. ಗೋಡೆ ಮೇಲೆ ಇರುವೆ ಅಂತ ಟವೆಲ್ಲಿನಲ್ಲಿ ಒರೆಸುತ್ತಾ ಇದ್ದಾನೆ. ಲೈಟ್ ಹಾಕಿಟ್ಟು ಪಕ್ಕದಲ್ಲಿ ಕೂತೆ." ಕುಡಿತ ನಿಲ್ಲಿಸಿದ ಎರಡರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಬರುವ ಸನ್ನಿ ಇದು. 1813ರಲ್ಲಿ ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರಿಟ್ಟ. ಕತ್ತಲಲ್ಲಿ ನೆರಳೂ ಹುಳವಾಗಿ ಕಾಣುತ್ತದೆ, ಅದಕ್ಕೇ ಲೈಟ್. ಆ ಸಾಲು ಬರೆದ ನರ್ಸ್‌ಗೆ ಅದನ್ನು ಯಾರು ಹೇಳಿಕೊಟ್ಟರೋ! ಮುಂದಿನ ಪುಸ್ತಕಗಳಲ್ಲಿ ಇಂಥ ಸಾಲು ಕಡಿಮೆಯಾಗಿ ಅಂಕಿ ಜಾಸ್ತಿಯಾಗುತ್ತವೆ. ನಡುಕ ಎಷ್ಟು, ಬೆವರು ಎಷ್ಟು ಅಂತ ಹತ್ತು ಅಂಶಗಳಿಗೆ ಅಂಕ ಕೊಡುವ ಹಾಳೆ 1989ರಲ್ಲಿ ಪ್ರಕಟವಾಯಿತು. ಔಷಧಿಯ ಪ್ರಮಾಣ ನಿರ್ಧರಿಸಲು ಅದು ಬೇಕೇ ಬೇಕು, ಹೊಸ ಹುಡುಗಿಯರಿಗೆ ಅದನ್ನು ಕಲಿಸಿದವಳು ನಾನೇ. ಆದರೆ ಚರಿತ್ರೆ ಬರೆಯುವಾಗ "ಸ್ಕೋರ್ 18" ಅನ್ನುವುದರಿಂದ ಏನೂ ಸಿಗುವುದಿಲ್ಲ.

ಅಡ್ಮಿಷನ್ ರಿಜಿಸ್ಟರಿನ ಕೊನೆಯ ಕಾಲಂ ನೋಡಿ ನಕ್ಕುಬಿಟ್ಟೆ. ಹಳೆಯದರಲ್ಲಿ "ಓಡಿಹೋದ" ಅಂತಿದೆ. ಎಷ್ಟೋ ಪುಸ್ತಕ ದಾಟಿದ ಮೇಲೆ "ಸಲಹೆ ಮೀರಿ ಹೋದರು" ಅಂತಾಗುತ್ತದೆ. ಬಹುವಚನ ಮೊದಲು ಬಂದ ಪುಟವನ್ನು ಹುಡುಕುವುದಕ್ಕೇ ಒಂದು ವಾರ ಕಳೆದೆ. ಹುಚ್ಚು ಅನ್ನಿಸಬಹುದು, ಆದರೆ ಹೊಸ ಕಟ್ಟಡದ ಉದ್ಘಾಟನೆಗಿಂತ ಅದು ದೊಡ್ಡ ಘಟನೆ ಅಂತ ನನ್ನ ಲೆಕ್ಕ.

ಸ್ಟಾಕ್ ಪುಸ್ತಕದಿಂದ ಜಗಳ ಶುರುವಾಯಿತು. ಅದರಲ್ಲಿ ಕಂಡ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆಯ ಕಥೆ ನಿಮಗೆ ಗೊತ್ತಿರಬಹುದು. ರಬ್ಬರ್ ಕಾರ್ಖಾನೆಯಲ್ಲಿ ಇದೇ ಜಾತಿಯ ರಾಸಾಯನಿಕ ಮುಟ್ಟುವ ಕೆಲಸಗಾರರಿಗೆ ಕುಡಿದರೆ ಮೈಗೆ ಆಗಿಬರುತ್ತಿಲ್ಲ ಅಂತ ಅಮೆರಿಕದ ವೈದ್ಯರೊಬ್ಬರು 1937ರಲ್ಲೇ ಬರೆದಿದ್ದರು. ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ 1948ರಲ್ಲಿ ಅದನ್ನು ಚಿಕಿತ್ಸೆಗೆ ತಂದರು. ಮಾತ್ರೆ ನುಂಗಿದವರು ಕುಡಿದರೆ, ಮದ್ಯ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲಿ ಉಳಿದು ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಶುರುವಿನ ಕಾಲದಲ್ಲಿ ಹಲವು ಕಡೆ ರೋಗಿಗೆ ಬೇಕಂತಲೇ ಒಂದು ಪೆಗ್ ಕುಡಿಸಿ ಇದನ್ನು ತೋರಿಸುತ್ತಿದ್ದರು. ಪ್ರಾಣಕ್ಕೇ ಅಪಾಯ ಅಂತ ಆಮೇಲೆ ಕೈಬಿಟ್ಟರು. ನಮ್ಮಲ್ಲೂ ಹಾಗೆ ಮಾಡಿದ್ದರು ಅಂತ ವಾರ್ಡ್‌ನ ಹಳೆಯ ಆಯಾ ಹೇಳಿದರು. "ಅದೆಲ್ಲಾ ಯಾಕೆ ಈಗ?" ಅಂತ ಆಡಳಿತದವರು ತಗಾದೆ ತೆಗೆದರು. ಅದು ಬೇಡವಾದರೆ ನನ್ನ ಬರಹವೂ ಬೇಡ ಅಂದೆ. ಕೊನೆಗೆ ಉಳಿಯಿತು, ಸ್ವಲ್ಪ ಚಿಕ್ಕದಾಗಿ.

ಇನ್ನೊಂದು ವಾದ ನಮ್ಮ ಸ್ಟಾಫ್ ರೂಮಿನದ್ದೇ. ಅಫೀಮು, ಹೆರಾಯಿನ್ ಚಟದವರಿಗೆ ಬದಲಿಯಾಗಿ ಕೊಡುವ, ನಾಲಿಗೆ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಬಂದಾಗ "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತೀರಾ" ಅಂತ ಕೂಗಾಡಿದವರಲ್ಲಿ ನಾನೂ ಒಬ್ಬಳು. ಓದುತ್ತಾ ಹೋದರೆ ನಾಚಿಕೆಯಾಯಿತು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ಅಮೆರಿಕ ಸರ್ಕಾರ ಮಾದಕ ವಸ್ತುಗಳ ಚಟದವರಿಗಾಗಿ ದೊಡ್ಡ ಆಸ್ಪತ್ರೆ ತೆರೆಯಿತು. ಕೈದಿಗಳು, ತಾವಾಗಿ ಬಂದವರು ಎಲ್ಲ ಒಟ್ಟಿಗೆ. ಹೊಲದಲ್ಲಿ ದುಡಿದು ತಿಂಗಳುಗಟ್ಟಲೆ ಮುಟ್ಟದೇ ಇದ್ದವರಲ್ಲೂ ಹೆಚ್ಚಿನವರು ಹೊರಗೆ ಹೋದ ಮೇಲೆ ಮತ್ತೆ ಶುರು ಮಾಡಿದರು. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಡೋಲ್ ಮತ್ತು ನೈಸ್ವಾಂಡರ್ ಎಂಬ ವೈದ್ಯರು ಹೆರಾಯಿನ್ ಚಟದವರಿಗೆ ಮೆಥಡೋನ್ ಎಂಬ ಇಂಥದೇ ಬದಲಿ ಔಷಧಿ ಕೊಟ್ಟು ನೋಡಿದಾಗಲೂ ನನ್ನ ಮಾತನ್ನೇ ಜನ ಆಡಿದ್ದರು! ಅವರ ರೋಗಿಗಳಲ್ಲಿ ಎಷ್ಟೋ ಜನ ಕೆಲಸಕ್ಕೆ ಹೋಗತೊಡಗಿದರು.

ನನ್ನ ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಕರಡಿನಲ್ಲಿ ಹೆಸರು ತೆಗೆದು ಇನಿಷಿಯಲ್, ಕಸುಬು ಮಾತ್ರ ಇಟ್ಟಿದ್ದೆ. ಫಾಲೋ-ಅಪ್‌ಗೆ ಬಂದಿದ್ದ ಒಬ್ಬರಿಗೆ ಓದಲು ಕೊಟ್ಟೆ. ಅರ್ಧ ಗಂಟೆ ಬಿಟ್ಟು ಬಂದು, "ಸಿಸ್ಟರ್, ಇದು ನಾನೇ ಅಲ್ವಾ?" ಅಂದರು. ಮುಖ ಇಳಿದುಹೋಗಿತ್ತು. ಅವತ್ತೇ ಎಲ್ಲ ಹಿಂದಕ್ಕೆ ತಗೊಂಡೆ. ಕಸುಬು, ವಯಸ್ಸು, ತಾರೀಖು ಎಲ್ಲ ಕಿತ್ತುಹಾಕಿ, ಬದುಕಿರುವವರನ್ನು ಕೇಳಿ, ಒಪ್ಪಿದವರದನ್ನು ಮಾತ್ರ ಮತ್ತೆ ಬರೆದೆ. ನಾಲ್ಕು ತಿಂಗಳ ಕೆಲಸ ಹೋಯಿತು.

ಈಗ ಒಂದು ಪ್ರತಿ ವಾರ್ಡಿನ ಮೇಜಿನ ಮೇಲಿದೆ. ಸನ್ನಿಯಲ್ಲಿ "ಇರುವೆಗಳು ಕಾಣುತ್ತವೆ" ಅಂತ ನಾನು ಬರೆದ ಕಡೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಕಾಣೋದಷ್ಟೇ ಅಲ್ಲ, ಮೈಮೇಲೆ ಹರಿಯೋದೂ ಗೊತ್ತಾಗುತ್ತೆ." ಮುಂದಿನ ಪ್ರತಿಗೆ ಅದನ್ನು ಹಾಗೇ ಸೇರಿಸಿದ್ದೇನೆ.