ಆಕಾಶನೌಕೆಯ ಮಾದರಿಗೆ ಎಂಜಿನ್ ಕಟ್ಟಿ ಬೆಳಗಿಸುವ ಬಗೆ

ವಿಜ್ಞಾನ ಕಥೆಗಳ ಆಕಾಶನೌಕೆಯ ಮಾದರಿಯನ್ನು ಎಷ್ಟೇ ನಾಜೂಕಾಗಿ ಕಟ್ಟಿದರೂ, ಹಿಂಬದಿಯ ಎಂಜಿನ್‌ಗಳು ಕತ್ತಲಾಗಿದ್ದರೆ ಅದು ನಿಂತ ನೌಕೆಯಾಗಿಯೇ ಉಳಿಯುತ್ತದೆ. ಅಲ್ಲಿ ಬೆಳಕು ಹಚ್ಚುವುದು ಕಷ್ಟವಲ್ಲ. ಉರಿಯುತ್ತಿರುವುದು ಎಂಜಿನ್ನೇ ಹೊರತು ಒಳಗೆ ಕೂಡಿಸಿದ ಪುಟ್ಟ ದೀಪವಲ್ಲ ಎಂದು ನೋಡುವವರಿಗೆ ಅನಿಸುವಂತೆ ಮಾಡುವುದೇ ನಿಜವಾದ ಕೆಲಸ. ಇಲ್ಲಿರುವ ಅಳತೆಗಳು ಸುಮಾರು 45 ಸೆಂಟಿಮೀಟರ್ ಉದ್ದದ, ಮೂರು ಎಂಜಿನ್‌ಗಳ ನೌಕೆಗೆ ಹೊಂದುತ್ತವೆ. ಬೇಕಾಗುವ ಸಾಮಾನು ಬೆಳಗಾವಿಯ ಎಲೆಕ್ಟ್ರಿಕಲ್, ಹಾರ್ಡ್‌ವೇರ್ ಮತ್ತು ಸ್ಟೇಷನರಿ ಅಂಗಡಿಗಳಲ್ಲಿ ಸಿಗುವಂಥದ್ದೇ.

ಮೊದಲು ನಳಿಕೆಯ ಆಕಾರವನ್ನು ಗೊತ್ತುಮಾಡಿಕೊಳ್ಳಬೇಕು. ನಿರ್ವಾತದಲ್ಲಿ ಕೆಲಸ ಮಾಡುವ ಎಂಜಿನ್‌ಗೆ ಹೊರಗಿನ ಗಾಳಿಯ ಒತ್ತಡವಿರುವುದಿಲ್ಲ; ಬಿಸಿ ಅನಿಲ ನಳಿಕೆಯೊಳಗೆ ಹೆಚ್ಚು ಹಿಗ್ಗಿದಷ್ಟೂ ನೂಕುಬಲ ಹೆಚ್ಚುವುದರಿಂದ ಅದರ ನಳಿಕೆ ಅಗಲವಾದ ಗಂಟೆಯಂತೆ ತೆರೆದುಕೊಂಡಿರುತ್ತದೆ. ಇಸ್ರೋದ ಎಲ್‌ವಿಎಂ-3 ರಾಕೆಟ್‌ನ ಮೇಲಿನ ಹಂತದಲ್ಲಿರುವ ಸಿಇ-20 ಎಂಜಿನ್‌ನ ಚಿತ್ರದಲ್ಲಿ ಇದನ್ನು ಕಾಣಬಹುದು. ಕಲ್ಪನೆಯ ನೌಕೆಗೂ ಇಂಥ ಬಾಯಗಲದ ನಳಿಕೆಯೇ ಒಪ್ಪುತ್ತದೆ.

ಎಂಜಿನ್‌ನ ಒಡಲಿಗೆ, ಮನೆಯ ವೈರಿಂಗ್‌ಗೆ ಬಳಸುವ 25 ಮಿಲಿಮೀಟರ್ ಪಿವಿಸಿ ಪೈಪನ್ನು 35 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿಕೊಳ್ಳಿ. ನಳಿಕೆಗೆ ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಸಾಕು. ಒಂದೇ ಕೇಂದ್ರದಿಂದ ಕೈವಾರದಲ್ಲಿ 42 ಮತ್ತು 67 ಮಿಲಿಮೀಟರ್ ತ್ರಿಜ್ಯದ ಎರಡು ಕಂಸಗಳನ್ನು ಎಳೆದು, ಕೋನಮಾಪಕದಿಂದ 108 ಡಿಗ್ರಿ ಗುರುತಿಸಿ, ಅಂಟಿಸಲು 4 ಮಿಲಿಮೀಟರ್ ಅಂಚನ್ನು ಹೆಚ್ಚಿಗೆ ಬಿಟ್ಟು ಕತ್ತರಿಸಿ. ಅದನ್ನು ಸುತ್ತಿದರೆ ಒಂದು ತುದಿಯಲ್ಲಿ ಪೈಪಿಗೆ ಸರಿಯಾಗಿ ಕೂಡುವ, ಇನ್ನೊಂದು ತುದಿಯಲ್ಲಿ 40 ಮಿಲಿಮೀಟರ್ ಅಗಲಕ್ಕೆ ತೆರೆದುಕೊಳ್ಳುವ ನಳಿಕೆ ಸಿದ್ಧವಾಗುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಪರಿಚಯದ ಲೇತ್ ಕೆಲಸದವರಿದ್ದರೆ ಅಲ್ಯುಮಿನಿಯಂನಲ್ಲಿಯೇ ಕಡೆಯಿಸಿಕೊಳ್ಳಬಹುದು, ಅದರ ಅಂದವೇ ಬೇರೆ. ಆದರೆ ಮೂರು ಲೋಹದ ನಳಿಕೆಗಳ ಭಾರಕ್ಕೆ ಮಾದರಿಯ ಬಾಲ ಜಗ್ಗುವುದರಿಂದ ಮೊದಲ ನೌಕೆಗೆ ಪ್ಲಾಸ್ಟಿಕ್ಕೇ ಮೇಲು. ಒಡಲ ಮೇಲಿನ ಯಂತ್ರಭಾಗಗಳಿಗೆ ಮುರಿದ ಆಟಿಕೆಯ ಚೂರು, ಬಾಲ್‌ಪೆನ್ನಿನ ಸ್ಪ್ರಿಂಗ್, ಸಣ್ಣ ತಂತಿಗಳನ್ನು ಬಳಸಿ. ಮೂರೂ ಎಂಜಿನ್‌ಗಳ ಮೇಲೆ ಅವೇ ಭಾಗಗಳು ಅದೇ ಜಾಗದಲ್ಲಿರಲಿ, ಏಕೆಂದರೆ ಒಂದೇ ಕಾರ್ಖಾನೆಯಿಂದ ಬಂದ ಎಂಜಿನ್‌ಗಳು ಒಂದೇ ತೆರನಾಗಿರುತ್ತವೆ.

ಪ್ಲಾಸ್ಟಿಕ್ ಬೆಳಕನ್ನು ತಡೆಯುತ್ತದೆ ಎಂದು ನಂಬಿ ಮುಂದುವರಿದರೆ, ದೀಪ ಹಚ್ಚಿದಾಗ ಇಡೀ ಎಂಜಿನ್ ಲಾಟೀನಿನಂತೆ ಹೊಳೆದು ಮಾದರಿಯ ಗಾಂಭೀರ್ಯವೆಲ್ಲ ಹೋಗುತ್ತದೆ. ಆದ್ದರಿಂದ ಒಡಲಿನ ಒಳಗೋಡೆಗೆ ಎರಡು ಸಲ ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಅದರ ಮೇಲೆ ಬಿಳಿ ಬಳಿಯಿರಿ. ಕಪ್ಪು ಬೆಳಕನ್ನು ಹೊರಗೆ ಸೋರಗೊಡುವುದಿಲ್ಲ, ಬಿಳಿ ಅದನ್ನು ನಳಿಕೆಯ ಕಡೆಗೆ ತಿರುಗಿಸುತ್ತದೆ. ಬಿಳಿಯ ಬದಲು ಅಲ್ಯುಮಿನಿಯಂ ಫಾಯಿಲ್ ಅಂಟಿಸುವುದುಂಟು. ಅದರಲ್ಲಿ ವಿದ್ಯುತ್ ಹರಿಯುವುದರಿಂದ ತಂತಿ ತಾಗಿ ಶಾರ್ಟ್ ಆಗುವ ಅಪಾಯವಿದೆ.

ಈಗ ದೀಪ. ಪ್ರತಿ ಎಂಜಿನ್‌ಗೆ 5 ಮಿಲಿಮೀಟರ್‌ನ ಮೂರು ಬಿಳಿ ಎಲ್‌ಇಡಿಗಳು ಬೇಕು. ಇವುಗಳ ತಲೆಯನ್ನು 400 ನಂಬರಿನ ಪಾಲಿಶ್ ಪೇಪರಿನಿಂದ ಮಂಜಾಗುವವರೆಗೆ ಉಜ್ಜಿದರೆ ಬೆಳಕು ಒಂದೇ ಕಡೆ ಚುಚ್ಚದೆ ಸುತ್ತಲೂ ಹರಡುತ್ತದೆ. ಸನ್‌ಬೋರ್ಡಿನ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ) ಬಿಲ್ಲೆಯಲ್ಲಿ ತ್ರಿಕೋನವಾಗಿ, 8 ಮಿಲಿಮೀಟರ್ ಅಂತರದಲ್ಲಿ ಅವನ್ನು ಕೂಡಿಸಿ, ಒಂದರ ಗಿಡ್ಡ ಕಾಲಿಗೆ ಮುಂದಿನದರ ಉದ್ದ ಕಾಲು ಬರುವಂತೆ ಸಾಲಾಗಿ ಬೆಸುಗೆ ಹಾಕಿ. ಉದ್ದ ಕಾಲೇ ಧನಾತ್ಮಕ. ಬಿಳಿ ಎಲ್‌ಇಡಿಯೊಂದಕ್ಕೆ ಸುಮಾರು 3.2 ವೋಲ್ಟ್ ಬೇಕಾದ್ದರಿಂದ ಮೂರಕ್ಕೆ 9.6 ವೋಲ್ಟ್ ಆಯಿತು. 12 ವೋಲ್ಟ್ ಅಡಾಪ್ಟರಿನಲ್ಲಿ ಉಳಿಯುವ 2.4 ವೋಲ್ಟನ್ನು 150 ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಹೊತ್ತುಕೊಂಡರೆ 16 ಮಿಲಿ ಆಂಪಿಯರ್ ಹರಿಯುತ್ತದೆ, ದೀಪ ಬಾಳಿಕೆ ಬರುತ್ತದೆ. ಮೂರು ಎಂಜಿನ್‌ಗಳ ಸಾಲುಗಳಿಗೂ ಬೇರೆ ಬೇರೆ ರೆಸಿಸ್ಟರ್ ಇರಬೇಕು. ಬೆಸುಗೆಯ ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದಿಟ್ಟು, ಕೆಲಸ ಮುಗಿದೊಡನೆ ಕೈ ತೊಳೆಯಿರಿ. ಪ್ರತಿ ಬೆಸುಗೆಗೂ ಹೀಟ್ ಶ್ರಿಂಕ್ ತೋಳು, ಅಂದರೆ ಕಾವು ಕೊಟ್ಟರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ, ತೊಡಿಸಿ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಬೆಳಕನ್ನು ಹರಡುವ ಪರದೆ. ಹಾಲುಬಣ್ಣದ ಅಕ್ರಿಲಿಕ್ ಬಿಲ್ಲೆಯಾಗಲಿ, ಎರಡು ಪದರ ಟ್ರೇಸಿಂಗ್ ಪೇಪರಾಗಲಿ ನಡೆಯುತ್ತದೆ, ಮುಖ್ಯವಾದದ್ದು ದೂರ. ಪರದೆ ಎಲ್‌ಇಡಿಗಳಿಗೆ ಅಂಟಿಕೊಂಡಂತಿದ್ದರೆ ಮೂರು ಚುಕ್ಕೆಗಳು ಬೇರೆಬೇರೆಯಾಗಿ ಕಾಣುತ್ತವೆ. ದೀಪಗಳ ನಡುವೆ ಎಷ್ಟು ಅಂತರವಿದೆಯೋ ಕನಿಷ್ಠ ಅಷ್ಟು, ಸಾಧ್ಯವಾದರೆ ಅದರ ಎರಡು ಪಟ್ಟು ದೂರದಲ್ಲಿ ಪರದೆಯನ್ನು ಇಡಬೇಕು. ಅಂಟಿಸುವ ಮೊದಲು ಕೋಣೆಯನ್ನು ಕತ್ತಲು ಮಾಡಿ, ದೀಪದ ಬಿಲ್ಲೆಯನ್ನು ಪೈಪಿನಲ್ಲಿ ಹಿಂದೆ ಮುಂದೆ ಸರಿಸುತ್ತ ನೋಡಿ: ಚುಕ್ಕೆಗಳು ಕರಗಿ ಒಂದೇ ತಟ್ಟೆಯಾಗುವ ಜಾಗ ತಾನಾಗಿ ಸಿಗುತ್ತದೆ. ಇಲ್ಲಿ ಫೆವಿಕ್ವಿಕ್ ಬಳಸಬೇಡಿ. ಅದರ ಆವಿ ಹತ್ತಿರದ ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಕೂಡಿಸುತ್ತದೆ. ಎಪಾಕ್ಸಿ ಅಂಟು ಸುರಕ್ಷಿತ.

ಬಣ್ಣದ ಆಯ್ಕೆಗೂ ಆಧಾರವಿರಲಿ. ಸೀಮೆಎಣ್ಣೆ ಉರಿಸುವ ರಾಕೆಟ್‌ನ ಜ್ವಾಲೆ ಮಸಿಯ ಕಣಗಳಿಂದಾಗಿ ಕಿತ್ತಳೆ ಹಳದಿಯಾಗಿರುತ್ತದೆ, ಜಲಜನಕ ಉರಿಸುವ ಎಂಜಿನ್‌ನ ಜ್ವಾಲೆ ಹೆಚ್ಚುಕಡಿಮೆ ಕಣ್ಣಿಗೇ ಕಾಣುವುದಿಲ್ಲ, ವಿದ್ಯುತ್ ಬಲದಿಂದ ಝೆನಾನ್ ಅನಿಲವನ್ನು ಹೊರಚಿಮ್ಮುವ ಅಯಾನ್ ಎಂಜಿನ್ ನೀಲಿಯಾಗಿ ಹೊಳೆಯುತ್ತದೆ. ದೂರದ ನಕ್ಷತ್ರಗಳಿಗೆ ಹೊರಟ ನೌಕೆಗೆ ನೀಲಿಯೇ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ನೀಲಿ ಎಲ್‌ಇಡಿ ಬೇಡ. ಪರದೆಯ ಅಂಚಿಗೆ ಮಾತ್ರ ನೀಲಿ ಗ್ಲಾಸ್ ಪೇಂಟನ್ನು ತೆಳುವಾಗಿ ಹಚ್ಚಿ ನಡುಭಾಗವನ್ನು ಬಿಳಿಯಾಗಿ ಬಿಟ್ಟರೆ, ಒಳಗೆ ಕಾವು ಹೆಚ್ಚು, ಅಂಚಿನಲ್ಲಿ ಕಡಿಮೆ ಎಂಬ ಭಾವನೆ ಹುಟ್ಟುತ್ತದೆ.

ಹೊರಗಿನ ಬಣ್ಣ ಹೊಡೆಯುವಾಗ ಪರದೆಗೆ ಮಾಸ್ಕಿಂಗ್ ಟೇಪ್ ಹಚ್ಚಿರಿ. ಬೆಳಗಾವಿಯ ಜುಲೈ, ಆಗಸ್ಟ್ ಮಳೆಯಲ್ಲಿ ಸ್ಪ್ರೇ ಬಣ್ಣ ತೇವ ಹಿಡಿದು ಹಾಲುಗಟ್ಟುವುದರಿಂದ ಹೊಳವಾದ ಒಣ ದಿನಕ್ಕೆ ಕಾಯುವುದು ಲೇಸು. ನಳಿಕೆಗೆ ಕಪ್ಪು ಮ್ಯಾಟ್ ಬಣ್ಣ ಹೊಡೆದು, 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಬೆಂಕಿ ಕಂಡ ಲೋಹದ ಮಿರುಗು ಬರುತ್ತದೆ.

ತಂತಿಗಳನ್ನು ಸ್ಟ್ಯಾಂಡಿನ ಟೊಳ್ಳು ಕೊಳವೆಯೊಳಗಿಂದ ಇಳಿಸಿ, ಪೀಠದಲ್ಲಿ ಅಡಾಪ್ಟರಿನ ಸಾಕೆಟ್ ಕೂಡಿಸಿ. ಎಂಜಿನ್‌ಗಳನ್ನು ನೌಕೆಗೆ ಅಂಟಿಸದೆ ಸಣ್ಣ ಸ್ಕ್ರೂಗಳಿಂದ ಬಿಗಿಯಿರಿ, ಮುಂದೆ ಒಂದು ಎಲ್‌ಇಡಿ ಕೆಟ್ಟರೆ ಬಿಚ್ಚಿ ಬದಲಿಸಬಹುದು. ಬಿಗಿಯುವ ಮುನ್ನ ಮೂರನ್ನೂ ಒಂದು ತಾಸು ಉರಿಸಿ, ರೆಸಿಸ್ಟರ್‌ಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಸುಡುವಂತಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಅಡಾಪ್ಟರ್ ತೆಗೆದು ಮಲ್ಟಿಮೀಟರಿನಿಂದ ಬೆಸುಗೆಗಳನ್ನು ಒಂದೊಂದಾಗಿ ಪರೀಕ್ಷಿಸಿ.