ದುಡ್ಡು ಕೊಟ್ಟು ಹೇಳಿಸಿದ ಮಾತು: ಎಐ ಏಜೆಂಟ್‌ಗಳ ನಡುವೆ ನಂಬಿಕೆ ಕಟ್ಟಿದ ಅನುಭವ

ಎಐ ಏಜೆಂಟ್‌ಗಳನ್ನು, ಅಂದರೆ ನಮ್ಮ ಪರವಾಗಿ ತಾವೇ ಕೆಲಸ ಮಾಡುವ ಎಐ ಪ್ರೋಗ್ರಾಂಗಳನ್ನು, ಒಂದರ ಜೊತೆ ಇನ್ನೊಂದು ಮಾತಾಡುವ ಹಾಗೆ ಮಾಡುವುದು ಈಗ ದೊಡ್ಡ ಕಷ್ಟವೇನಲ್ಲ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರಾಪಿಕ್ ಎಂಸಿಪಿ ಎಂಬ ಸಂಪರ್ಕ ನಿಯಮಾವಳಿ ತಂದಿತು. 2025ರ ಏಪ್ರಿಲ್‌ನಲ್ಲಿ ಗೂಗಲ್ ಎ2ಎ ಎಂಬ ಇನ್ನೊಂದನ್ನು ತಂದಿತು. ಮೊದಲನೆಯದರಿಂದ ಏಜೆಂಟ್‌ಗೆ ಹೊರಗಿನ ಡೇಟಾ, ಟೂಲ್‌ಗಳು ಸಿಗುತ್ತವೆ. ಎರಡನೆಯದರಿಂದ ಬೇರೆ ಬೇರೆ ಕಂಪನಿಗಳ ಏಜೆಂಟ್‌ಗಳು ಕೆಲಸ ಹಂಚಿಕೊಳ್ಳುತ್ತವೆ. ಆದರೆ ಎದುರಿನ ಏಜೆಂಟ್ ಹೇಳುತ್ತಿರುವ ಮಾತಿನ ಹಿಂದೆ ಯಾರ ದುಡ್ಡಿದೆ? ಅದನ್ನು ತಿಳಿಯುವುದು ಹೇಗೆ? ನಾನು ತಲೆ ಕೆಡಿಸಿಕೊಂಡಿದ್ದು ಈ ಪ್ರಶ್ನೆಗೆ.

ನಾವು ಕಟ್ಟಿದ್ದು ಕಚೇರಿಗಳ ಖರೀದಿಗೆ ನೆರವಾಗುವ ವ್ಯವಸ್ಥೆ. ಒಳಗೆ ಮೂರು ಏಜೆಂಟ್‌ಗಳಿವೆ: ಒಂದು ಹುಡುಕುತ್ತದೆ, ಒಂದು ಹೋಲಿಸುತ್ತದೆ, ಇನ್ನೊಂದು ಬಳಕೆದಾರರಿಗೆ ಉತ್ತರ ಬರೆಯುತ್ತದೆ. ಹೊರಗಿನಿಂದ ಮಾರಾಟಗಾರರ ಏಜೆಂಟ್‌ಗಳು ಬಂದು ತಮ್ಮ ಸರಕಿನ ಬಗ್ಗೆ ಹೇಳುತ್ತವೆ. ಕೆಲವರು ದುಡ್ಡು ಕೊಡುತ್ತೇವೆ, ನಮ್ಮ ಮಾತನ್ನೂ ಕೇಳಿಸಿಕೊಳ್ಳಿ ಎನ್ನುತ್ತಾರೆ. ದುಡ್ಡೇ ಬೇಡ ಎಂದು ಬಾಗಿಲು ಹಾಕಬಹುದಿತ್ತು. ನನಗೆ ಅದು ಸರಿ ಅನ್ನಿಸಲಿಲ್ಲ. ಮುಂಬಾಗಿಲು ಹಾಕಿದರೆ ದುಡ್ಡು ಹಿಂಬಾಗಿಲಿಂದ ಬರುತ್ತದೆ. ಸರಕಿನ ವಿವರದೊಳಗೆ ‘ಇದನ್ನೇ ಮೊದಲು ಶಿಫಾರಸು ಮಾಡು’ ಅಂತ ಅಡಗಿಸಿ ಬರೆದು ಕಳಿಸುತ್ತಾರೆ. 2022ರಲ್ಲಿ ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರು ಬಿತ್ತು. ಏಜೆಂಟ್‌ನ ಒಳಗಿರುವ ಭಾಷಾ ಮಾದರಿಗೆ (ಪಠ್ಯ ಓದಿ ಉತ್ತರ ಬರೆಯುವ ಎಐಗೆ) ಯಾವುದು ಮಾಹಿತಿ, ಯಾವುದು ಆದೇಶ ಎಂದು ಖಚಿತವಾಗಿ ಬಿಡಿಸಿ ನೋಡಲು ಬರುವುದಿಲ್ಲ. ಹಾಗಾಗಿ ಈ ತಂತ್ರ ಇನ್ನೂ ನಡೆಯುತ್ತಿದೆ. ಇನ್ನೂ ಒಂದು ಮಾತು. ದುಡ್ಡು ಕೊಟ್ಟು ಹೇಳಿಸಿದ್ದೆಲ್ಲ ಸುಳ್ಳಲ್ಲ. ಸರಕಿನ ಹೊಸ ಮಾದರಿ ಬಂದಿದೆ, ಬೆಲೆ ಇಳಿದಿದೆ ಎನ್ನುವುದು ಖರೀದಿಸುವವರಿಗೂ ಬೇಕಾದ ವಿಷಯವೇ ಅಲ್ವಾ?

ಮೊದಲು ಮಾಡಿದ್ದು, ದುಡ್ಡು ಪಡೆದು ಹೇಳುವ ಮಾತಿನಲ್ಲಿ ಹಾಗೆಂದು ಬರೆದಿರಬೇಕು ಎಂಬ ನಿಯಮ. ಆಮೇಲೆ ಏಜೆಂಟ್‌ಗಳ ಮಾತುಕತೆ ದಾಖಲಾಗುವ ಲಾಗ್ ತೆಗೆದು ಸಾಲು ಸಾಲಾಗಿ ಓದಿದೆ. ಮಾರಾಟಗಾರರ ಏಜೆಂಟ್ ಪ್ರಾಮಾಣಿಕವಾಗಿಯೇ ಹೇಳಿತ್ತು: ‘ಈ ಮಾತಿಗೆ ತಯಾರಕರು ಹಣ ಕೊಟ್ಟಿದ್ದಾರೆ. ಈ ಪ್ರಿಂಟರ್‌ನ ಇಂಕ್ ಟ್ಯಾಂಕ್ ದೊಡ್ಡದು, ಸಣ್ಣ ಕಚೇರಿಗೆ ಸಾಕು.’ ಹುಡುಕುವ ಏಜೆಂಟ್ ಅದನ್ನು ಚಿಕ್ಕದು ಮಾಡಿತು: ‘ತಯಾರಕರ ಪ್ರಕಾರ ಟ್ಯಾಂಕ್ ದೊಡ್ಡದು, ಸಣ್ಣ ಕಚೇರಿಗೆ ಸಾಕು.’ ಹೋಲಿಸುವ ಏಜೆಂಟ್‌ನ ಪಟ್ಟಿಯಲ್ಲಿ ‘ದೊಡ್ಡ ಟ್ಯಾಂಕ್, ಸಣ್ಣ ಕಚೇರಿಗೆ ಒಳ್ಳೆಯದು’ ಎಂದಷ್ಟೇ ಉಳಿಯಿತು. ಕೊನೆಯ ಉತ್ತರದಲ್ಲಿ ಬಂದಿದ್ದು: ‘ಸಣ್ಣ ಕಚೇರಿಗೆ ಇದೇ ಒಳ್ಳೆಯ ಆಯ್ಕೆ.’

ಇಲ್ಲಿ ಯಾರೂ ಮೋಸ ಮಾಡಿಲ್ಲ. ಪ್ರತಿಯೊಂದು ಏಜೆಂಟ್ ತನ್ನ ಕೆಲಸ ಮಾಡಿದೆ, ಅಂದರೆ ಉದ್ದದ ಮಾತನ್ನು ಚಿಕ್ಕದು ಮಾಡಿದೆ. ಹಾಗೆ ಚಿಕ್ಕದು ಮಾಡುವಾಗ ಮೊದಲು ಬಿಟ್ಟುಹೋಗುವುದೇ ಯಾರು ಹೇಳಿದ್ದು, ಯಾಕೆ ಹೇಳಿದ್ದು ಎನ್ನುವ ಭಾಗ. ಏಜೆಂಟ್‌ಗೆ ಕೊಡುವ ಸೂಚನೆಯಲ್ಲಿ, ಅಂದರೆ ಪ್ರಾಂಪ್ಟ್‌ನಲ್ಲಿ, ‘ದಯವಿಟ್ಟು ಹಣದ ವಿಷಯ ಬಿಡಬೇಡ’ ಎಂದು ಬರೆದರೆ ಸ್ವಲ್ಪ ಸುಧಾರಿಸುತ್ತದೆ. ಆದರೆ ನಂಬಿಕೆಯನ್ನು ಅಂಥ ಕೋರಿಕೆಯ ಮೇಲೆ ನಿಲ್ಲಿಸಲು ಆಗುವುದಿಲ್ಲ.

ಹಾಗಾಗಿ ‘ಇದಕ್ಕೆ ದುಡ್ಡು ಸಿಕ್ಕಿದೆ’ ಎಂಬ ಲೇಬಲ್ಲನ್ನು ಮಾತಿನಿಂದ ಹೊರಗೆ ತೆಗೆದೆ. ಈಗ ಪ್ರತಿ ಹೇಳಿಕೆಯೂ ಒಂದು ದಾಖಲೆಯಾಗಿ ಓಡಾಡುತ್ತದೆ. ಅದರಲ್ಲಿ ಹೇಳಿಕೆಯ ಪಠ್ಯ, ಹೇಳಿದ ಏಜೆಂಟ್, ದುಡ್ಡು ಕೊಟ್ಟವರು, ಯಾತಕ್ಕೆ ಕೊಟ್ಟರು ಎಂಬ ವಿವರ ಇರುತ್ತದೆ. ಬರೀ ಕೇಳಿಸಿಕೊಳ್ಳಲು ಕೊಟ್ಟ ದುಡ್ಡಿಗೂ ಮಾರಾಟವಾದರೆ ಸಿಗುವ ಕಮಿಷನ್‌ಗೂ ಬಹಳ ವ್ಯತ್ಯಾಸವಿದೆ. ಕಮಿಷನ್ ಇದ್ದಾಗ ಒತ್ತಡ ಜಾಸ್ತಿ. ಆದ್ದರಿಂದ ಅವೆರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಟ್ಟಿದ್ದೇನೆ. ಇಡೀ ದಾಖಲೆಯ ಮೇಲೆ ಇಡಿ25519 ಎಂಬ ಗಣಿತ ವಿಧಾನದ ಡಿಜಿಟಲ್ ಸಹಿ ಇರುತ್ತದೆ, ಆಮೇಲೆ ಯಾರಾದರೂ ತಿದ್ದಿದರೆ ಅದು ಹೊಂದುವುದಿಲ್ಲ. ಲೇಬಲ್ ಹೊತ್ತು ತರುವುದು ಮಾಮೂಲಿ ಕೋಡ್. ಭಾಷಾ ಮಾದರಿಗೆ ಅದನ್ನು ಓದಲು ಬಿಡುತ್ತೇವೆ, ಬರೆಯಲು, ಅಳಿಸಲು ಬಿಡುವುದಿಲ್ಲ.

ಉತ್ತರ ಬರೆಯುವ ಏಜೆಂಟ್ ಪ್ರತಿ ವಾಕ್ಯದ ಜೊತೆ ಅದು ಯಾವ ಹೇಳಿಕೆಗಳಿಂದ ಬಂತು ಎಂಬ ಗುರುತಿನ ಸಂಖ್ಯೆ ಕೊಡಬೇಕು. ಸಂಖ್ಯೆ ಇಲ್ಲದ ವಾಕ್ಯ ಹೊರಗೆ ಹೋಗುವುದಿಲ್ಲ. ಮೂಲಗಳಲ್ಲಿ ಒಂದಕ್ಕೆ ದುಡ್ಡು ಸಿಕ್ಕಿದ್ದರೂ ಆ ವಾಕ್ಯದ ಪಕ್ಕದಲ್ಲೇ ಲೇಬಲ್ ಬೀಳುತ್ತದೆ. ಉತ್ತರದ ಅಡಿಯಲ್ಲಿ ಒಟ್ಟಾಗಿ ಒಂದೇ ಸೂಚನೆ ಹಾಕಿದರೆ ಅದನ್ನು ಯಾರೂ ಓದುವುದಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2023ರಲ್ಲಿ ತಿದ್ದಿದ ಮಾರ್ಗಸೂಚಿ ಕೂಡ ಇಂಥ ಸೂಚನೆ ಕಣ್ತಪ್ಪಿ ಹೋಗದಂತೆ ಇರಬೇಕು ಎನ್ನುತ್ತದೆ. ಅದು ಮನುಷ್ಯರ ಕಣ್ಣಿಗೆ ಬರೆದ ನಿಯಮ. ನಮ್ಮಲ್ಲಿ ಮುಂದಿನ ಏಜೆಂಟ್‌ಗೂ ಅದು ಕಾಣಬೇಕು.

ಈ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದರ ಮುಂದಿನ ಹೆಜ್ಜೆ. ದುಡ್ಡು ಕೊಟ್ಟಿದ್ದಾರೆ ಎಂದು ಗೊತ್ತಾದರೆ ಸಾಲದು, ಆ ದುಡ್ಡಿನಿಂದ ಏನು ಬದಲಾಯಿತು ಎಂದೂ ಗೊತ್ತಾಗಬೇಕು. ಅದಕ್ಕೆ ಹೋಲಿಕೆಯನ್ನು ಎರಡು ರೀತಿ ಓಡಿಸುತ್ತೇವೆ. ಒಮ್ಮೆ ದುಡ್ಡು ಕೊಟ್ಟ ಹೇಳಿಕೆಗಳನ್ನು ಪೂರ್ತಿ ತೆಗೆದು, ಇನ್ನೊಮ್ಮೆ ಸೇರಿಸಿ. ಭಾಷಾ ಮಾದರಿಗಳು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡಬಹುದು. ಪಟ್ಟಿಯಲ್ಲಿ ಯಾವುದು ಮೊದಲಿದೆ ಎನ್ನುವುದಕ್ಕೂ ಅವು ವಾಲುತ್ತವೆ. ಆದ್ದರಿಂದ ಕ್ರಮ ಕಲಸಿ ಎರಡನ್ನೂ ಹಲವು ಸಲ ಓಡಿಸಬೇಕು. ಫಲಿತಾಂಶ ಬೇರೆಯಾದರೆ ಬಳಕೆದಾರರಿಗೆ ನೇರವಾಗಿ ಹೇಳುತ್ತೇವೆ: ‘ಹಣ ಕೊಟ್ಟ ಮಾಹಿತಿ ಸೇರಿಸದಿದ್ದಾಗ ಬೇರೆ ಪ್ರಿಂಟರ್ ಮೊದಲ ಸ್ಥಾನದಲ್ಲಿತ್ತು. ಬದಲಾದ ಕಾರಣ: ಹೊಸ ರಿಯಾಯಿತಿ.’ ಖರ್ಚು ಜಾಸ್ತಿಯಾಗುತ್ತದೆ, ಉತ್ತರ ತಡವಾಗುತ್ತದೆ. ಆದರೂ ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಕಾರಣದ ಜಾಗದಲ್ಲಿ ರಿಯಾಯಿತಿ ಇದ್ದರೆ ಜನ ಸಂತೋಷದಿಂದ ಒಪ್ಪುತ್ತಾರೆ. ಬರೀ ಹೊಗಳಿಕೆ ಇದ್ದರೆ ಮೊದಲಿನ ಪ್ರಿಂಟರ್‌ಗೇ ವಾಪಸ್ ಹೋಗುತ್ತಾರೆ.

ಪಾವತಿಗೆ ಈಗ ದಾರಿಗಳು ಬೇಕಾದಷ್ಟಿವೆ. ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯಲ್ಲಿ ಎಷ್ಟೋ ವರ್ಷ ಮುಂದಿನ ಬಳಕೆಗೆಂದು ಸುಮ್ನೆ ಕೂತಿದ್ದ 402 (‘ಪಾವತಿ ಬೇಕು’) ಸಂಕೇತವನ್ನು ಕ್ರಿಪ್ಟೋ ಕಂಪನಿ ಕಾಯಿನ್‌ಬೇಸ್ 2025ರಲ್ಲಿ ಎಕ್ಸ್402 ಹೆಸರಿನಲ್ಲಿ ಕೆಲಸಕ್ಕೆ ಹಚ್ಚಿತು. ಅದೇ ವರ್ಷ ಏಜೆಂಟ್‌ಗಳ ಪಾವತಿಗೆಂದು ಗೂಗಲ್‌ನ ಎಪಿ2 ನಿಯಮಾವಳಿ ಬಂತು. ಅದರಲ್ಲಿ ಏಜೆಂಟ್ ಖರ್ಚು ಮಾಡಲು ಮನುಷ್ಯರು ಕೊಟ್ಟ ಅನುಮತಿಗೂ ಸಹಿ ಇರುತ್ತದೆ. ಇವೆಲ್ಲ ದುಡ್ಡು ಸರಿಯಾದ ಕೈಯಿಂದ ಸರಿಯಾದ ಕೈಗೆ ಹೋಯಿತೇ ಎಂದು ನೋಡುತ್ತವೆ. ಆ ದುಡ್ಡು ಯಾರ ತೀರ್ಮಾನವನ್ನು ಎಷ್ಟು ವಾಲಿಸಿತು ಎಂಬ ಲೆಕ್ಕ ನಾವೇ ಇಡಬೇಕು.

ನಂಬಿಕೆಯ ವಿಷಯಕ್ಕೆ ಬಂದರೆ, ಏಜೆಂಟ್‌ಗೆ ಒಟ್ಟಾರೆ ಒಂದು ಅಂಕ ಕೊಡುವ ಪದ್ಧತಿ ನನಗೆ ಹಿಡಿಸಲಿಲ್ಲ. 2002ರಲ್ಲೇ ಕಂಪ್ಯೂಟರ್ ಸಂಶೋಧಕ ಜಾನ್ ಡೌಸರ್ ತಮ್ಮ ಸಿಬಿಲ್ ದಾಳಿಯ ಪ್ರಬಂಧದಲ್ಲಿ ಇದರ ಮೂಲ ತೊಡಕನ್ನು ತೋರಿಸಿದ್ದರು. ಹೊಸ ಗುರುತು ಸೃಷ್ಟಿಸುವುದು ಅಗ್ಗವಾದರೆ ಒಬ್ಬರೇ ನೂರು ಜನರಂತೆ ಬಂದು ತಮ್ಮನ್ನೇ ಹೊಗಳಿಕೊಳ್ಳಬಹುದು. ಏಜೆಂಟ್‌ಗಳಿಗಂತೂ ಅದು ಕ್ಷಣದ ಕೆಲಸ. ಎ2ಎಯಲ್ಲಿ ಏಜೆಂಟ್ ತನ್ನ ಪರಿಚಯಕ್ಕೆ ಕೊಡುವ ಏಜೆಂಟ್ ಕಾರ್ಡ್ ನೋಡಿದರೆ ಇದು ಯಾರ ಏಜೆಂಟ್, ಏನು ಮಾಡಬಲ್ಲದು ಎಂದು ತಿಳಿಯುತ್ತದೆ. ಹೇಳಿದ ಮಾತು ಉಳಿಸಿಕೊಳ್ಳುತ್ತದೋ ಇಲ್ಲವೋ ಎಂದು ತಿಳಿಯುವುದಿಲ್ಲ.

ಆದ್ದರಿಂದ ನಾನು ಹೊಗಳಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆಯವರು ಸಹಿ ಹಾಕಿದ ರಸೀದಿ ಇದ್ದರೆ ಮಾತ್ರ ಲೆಕ್ಕ. ಎರಡು ದಿನದಲ್ಲಿ ತಲುಪಿಸುತ್ತೇವೆ ಎಂದವರು ತಲುಪಿಸಿದರೇ? ಹೇಳಿದ ಬೆಲೆಯೇ ಬಿಲ್ಲಿನಲ್ಲಿ ಬಂತೇ? ಬೆಲೆ, ಡೆಲಿವರಿ, ಸರಕಿನ ವಿವರ, ಇವುಗಳಿಗೆ ಬೇರೆ ಬೇರೆ ದಾಖಲೆ. ಬೆಲೆಯ ವಿಷಯದಲ್ಲಿ ನಂಬಿಕಸ್ಥ ಏಜೆಂಟ್ ಡೆಲಿವರಿ ವಿಷಯದಲ್ಲಿ ಸದಾ ಉತ್ಪ್ರೇಕ್ಷೆ ಮಾಡುವುದನ್ನು ನೋಡಿದ್ದೇನೆ. ಹೊಸ ಏಜೆಂಟ್ ಬಂದರೆ ಅದರ ಮಾತು ಕೇಳುತ್ತೇವೆ. ಆದರೆ ಇಂಥ ರಸೀದಿಗಳು ಸೇರುವವರೆಗೆ ದುಡ್ಡು ಕೊಟ್ಟ ಹೇಳಿಕೆ ಹಾಕಲು ಬಿಡುವುದಿಲ್ಲ. ದುಡ್ಡು ಕೊಟ್ಟ ಹೇಳಿಕೆ ಸುಳ್ಳು ಎಂದು ಗೊತ್ತಾದರೆ ಹೇಳಿದವರಿಗೂ ಹೇಳಿಸಿದವರಿಗೂ ಪೆಟ್ಟು ಬೀಳುತ್ತದೆ.

ಎಲ್ಲ ದಾಖಲೆಗಳೂ ಸೇರಿಸಲು ಮಾತ್ರ ಬರುವ, ತಿದ್ದಲು ಬಾರದ ಲಾಗ್‌ಗೆ ಹೋಗುತ್ತವೆ. ಜಾಲತಾಣಗಳ ಗುರುತು ಖಚಿತಪಡಿಸುವ ವೆಬ್ ಪ್ರಮಾಣಪತ್ರಗಳಿಗಾಗಿ 2013ರ ಆರ್‌ಎಫ್‌ಸಿ 6962 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ತೋರಿಸಿದ ದಾರಿ ಇದು. ನಾವೇ ಹಳೆಯ ಸಾಲು ಬದಲಿಸಿದರೂ ಹ್ಯಾಶ್ (ದಾಖಲೆಯಿಂದ ಲೆಕ್ಕಹಾಕಿದ ಗುರುತಿನ ಸಂಕೇತ) ಹೊಂದುವುದಿಲ್ಲ, ಮಾರಾಟಗಾರರಿಗೆ ಗೊತ್ತಾಗುತ್ತದೆ.

ವ್ಯವಸ್ಥೆಯ ಹೊರಗೆ ಕೈಯಿಂದ ಕೈಗೆ ಹೋದ ದುಡ್ಡನ್ನು ಮಾತ್ರ ಯಾವ ಸಹಿಯೂ ಹಿಡಿಯುವುದಿಲ್ಲ. ಅದಕ್ಕೆ ವಾಲುವಿಕೆಯನ್ನು ಗಮನಿಸುತ್ತೇವೆ. ದುಡ್ಡು ಪಡೆದಿಲ್ಲ ಎಂದು ಸಹಿ ಹಾಕಿದ ಏಜೆಂಟ್ ಪದೇ ಪದೇ ಒಬ್ಬರೇ ತಯಾರಕರ ಪರ ಮಾತಾಡುತ್ತಿದ್ದರೆ, ರಸೀದಿಗಳು ಆ ಹೊಗಳಿಕೆಗೆ ಹೊಂದದಿದ್ದರೆ, ಅದರ ಹೇಳಿಕೆಗಳನ್ನು ತಡೆದಿಡುತ್ತೇವೆ. ಆಮೇಲೆ ನಮ್ಮ ತಂಡದ ಒಬ್ಬರು ಕೂತು ಅದರ ಹಳೆಯ ಹೇಳಿಕೆಗಳನ್ನು ಓದುತ್ತಾರೆ, ಏಜೆಂಟ್‌ನ ಮಾಲೀಕರಿಗೆ ಫೋನ್ ಮಾಡಿ ವಿವರ ಕೇಳುತ್ತಾರೆ. ಈ ಹಂತವನ್ನು ಇನ್ನೊಂದು ಏಜೆಂಟ್‌ಗೆ ಒಪ್ಪಿಸುವ ಯೋಚನೆ ಸದ್ಯಕ್ಕೆ ನನಗಿಲ್ಲ.