ಗ್ರಾಂ ಲೆಕ್ಕದಲ್ಲಿ ಊಟ ವಾಪಸ್ ತಂದದ್ದು: ನನ್ನ ಅನುಭವ

ಎಲಿಮಿನೇಷನ್ ಡಯಟ್‌ನಲ್ಲಿ ನಾನು ಎರಡು ಸಲ ಸೋತಿದ್ದೆ. ಕಾಟ ಕೊಡುವ ಪದಾರ್ಥ ಯಾವುದು ಅಂತ ಹುಡುಕಲು ಹೆಚ್ಚಿನವನ್ನು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸ್ ತರುವ ಪಥ್ಯ ಇದು. ಮೂರನೇ ಸಲ ಹಿಡಿದಾಗ "ಇದು ಆಗೋ ಕೆಲಸ ಅಲ್ಲ, ಸುಮ್ನೆ ಸೊರಗ್ತೀಯ" ಅಂದವರೇ ಎಲ್ಲ. ಈಗ ಏಳೆಂಟು ತಿಂಗಳಾಯ್ತು. ಆರು ಪದಾರ್ಥದಿಂದ ಶುರುವಾದ ತಟ್ಟೆಯಲ್ಲಿ ಮೂವತ್ತೈದರ ಹತ್ತಿರ ಇವೆ.

ಎರಡೂ ಸಲ ಕೈಕೊಟ್ಟಿದ್ದು ವಾಪಸ್ ತರುವ ಹಂತ. ಮೂರು ವಾರ ಅನ್ನ, ಕ್ಯಾರೆಟ್, ಸೌತೆಕಾಯಿ, ಕೋಳಿ, ಎಣ್ಣೆ, ಉಪ್ಪು ಇಷ್ಟರಲ್ಲೇ ಇದ್ದಾಗ ಹೊಟ್ಟೆ ಉಬ್ಬರ, ತುರಿಕೆ ಎರಡೂ ಇಳಿದವು. ಆ ಖುಷಿಯಲ್ಲಿ ಒಂದೇ ವಾರಕ್ಕೆ ಹಾಲು, ಗೋಧಿ, ಈರುಳ್ಳಿ ತಂದರೆ ಕಾಟ ಕೊಟ್ಟಿದ್ದು ಯಾವುದು ಅಂತ ಹೇಗೆ ಹೇಳೋದು? ಗೋಧಿ ಬಿಡುವ ಮೊದಲೇ ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆ ಮುಗಿಸಿಬಿಡಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಗಂಟಲು ಊದುವವರು, ಉಸಿರು ಕಟ್ಟುವವರು ಈ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬಾರದು.

ಈ ಸಲ ಎಲ್ಲವನ್ನೂ ತೂಗಿದೆ. ಹಾಲು ಮೊದಲ ದಿನ 30 ಮಿಲೀ, ಎರಡನೇ ದಿನ 120, ಮೂರನೇ ದಿನ 250, ಆಮೇಲೆ ಮೂರು ದಿನ ಬಿಡುವು. 120ಕ್ಕೆ ಏನೂ ಆಗಲಿಲ್ಲ, 250ಕ್ಕೆ ಎರಡು ಗಂಟೆಯೊಳಗೆ ಗುಡುಗುಡು. ಮೊದಲು "ಹಾಲು ಆಗಲ್ಲ" ಅಂತ ಬರೆದುಕೊಳ್ಳುತ್ತಿದ್ದೆ, ಈಗ "ಅರ್ಧ ಲೋಟ ಆಗುತ್ತೆ" ಅಂತ ಬರೆಯುತ್ತೇನೆ. ನನ್ನ ಪಟ್ಟಿಯಲ್ಲಿ ಮುಕ್ಕಾಲು ಪಾಲು ಪದಾರ್ಥಗಳ ಕಥೆ ಇದೇ. ಆದರೆ ಅರ್ಧ ಲೋಟ ಹಾಲು, ಸ್ವಲ್ಪ ಗೋಧಿ, ಸ್ವಲ್ಪ ಈರುಳ್ಳಿ ಒಂದೇ ಹೊತ್ತಿಗೆ ಬಿದ್ದರೆ ಕೂಡಿ ಮಿತಿ ದಾಟುತ್ತೆ. ಯಾವುದರ ಜತೆ ಯಾವುದು ಅನ್ನುವ ನನ್ನ ಪಟ್ಟಿಯನ್ನು ಇಲ್ಲಿ ಕೊಡಲ್ಲ, ನಿಮ್ಮ ಹೊಟ್ಟೆಗೆ ನೀವೇ ಮಾಡಿಕೊಳ್ಳಬೇಕು.

ಬೆಳ್ಳುಳ್ಳಿಗೆ ದಾರಿ ಇದೆ. ಅದರಲ್ಲಿ ಕಾಟ ಕೊಡುವ ಫ್ರಕ್ಟಾನ್ ಅನ್ನುವ, ಸುಲಭಕ್ಕೆ ಜೀರ್ಣವಾಗದ ಪಿಷ್ಟದಂಥ ಅಂಶ ನೀರಿನಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ. ಜಜ್ಜದ ಎಸಳನ್ನು ಸಣ್ಣ ಉರಿಯಲ್ಲಿ ಎಣ್ಣೆಗೆ ಹಾಕಿ, ಅಂಚು ಹೊಂಬಣ್ಣಕ್ಕೆ ತಿರುಗುತ್ತಲೇ ತೆಗೆದುಬಿಡಿ. ಎಸಳು ಒಂದೂ ಉಳಿದಿಲ್ಲ ಅಂತ ಎಣಿಸಿಯೇ ನೀರು ಹಾಕಬೇಕು. ನಾನೊಮ್ಮೆ ಸಾರು ಕುದ್ದ ಮೇಲೆ ಎಸಳು ಆರಿಸಿ ತೆಗೆದೆ, ರಾತ್ರಿಯಿಡೀ ಹೊಟ್ಟೆ ತಮಟೆ. ಈ ಎಣ್ಣೆಯನ್ನು ಹೊರಗೆ ಇಟ್ಟುಕೊಳ್ಳಬೇಡಿ, ಬಾಟುಲಿಸಂ ಅನ್ನುವ, ಜೀವಕ್ಕೇ ಕುತ್ತಾಗುವ ಆಹಾರ ವಿಷದ ಅಪಾಯ ಇದೆ. ಆಯಾ ಹೊತ್ತಿಗೆ ಮಾಡಿಕೊಳ್ಳಿ.

ಕೋಳಿಯಲ್ಲಿ ಇನ್ನೊಂದು ಮೋಸ. ಬಿಸಿಬಿಸಿ ತಿಂದರೆ ಆರಾಮ, ಫ್ರಿಜ್‌ನಲ್ಲಿಟ್ಟು ಎರಡನೇ ದಿನ ತಿಂದರೆ ಮುಖ ಕೆಂಪಾಗಿ ತಲೆನೋವು. ಮಾಂಸ, ಮೀನು ಇಟ್ಟಷ್ಟೂ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ (ಅಲರ್ಜಿಯಂಥ ತೊಂದರೆ ತರುವ ರಾಸಾಯನಿಕ) ಏರುತ್ತೆ, ಮತ್ತೆ ಕುದಿಸಿದರೂ ಹೋಗಲ್ಲ. ಈಗ ಬೇಯಿಸಿದ ಕೂಡಲೇ ತೆಳ್ಳಗಿನ ಡಬ್ಬಿಗಳಿಗೆ ಹಂಚಿ ನೇರ ಫ್ರೀಜರ್‌ಗೆ.

ದುಡ್ಡು ಹಾಳಾಗಿದ್ದು ಐಜಿಜಿ ಪರೀಕ್ಷೆಗೆ, ಅಂದರೆ ಯಾವ ಆಹಾರಕ್ಕೆ ರಕ್ತದಲ್ಲಿ ಐಜಿಜಿ ಪ್ರತಿಕಾಯ ಇದೆ ಅಂತ ನೋಡುವ ಪರೀಕ್ಷೆಗೆ. ಅರ್ಧ ತಿಂಗಳ ಸಂಬಳ ಹೋಯ್ತು, ನೂರು ಚಿಲ್ಲರೆ ಪದಾರ್ಥಗಳ ವರದಿ ಬಂತು. ಕೆಂಪು ಗುರುತು ಬಿದ್ದಿದ್ದು ದಿನಾ ತಿನ್ನುತ್ತಿದ್ದವಕ್ಕೇ. ಐಜಿಜಿ ಹೇಳುವುದು ನೀವು ಅದನ್ನು ತಿಂದಿದ್ದೀರಿ ಅಂತ ಅಷ್ಟೇ. ಅದನ್ನು ನಂಬಿ ಎಲ್ಲ ಬಿಟ್ಟು ಐದಾರು ಕಿಲೋ ಇಳಿದೆ. ಅದಕ್ಕಿಂತ ಅಗ್ಗದ ಅಡುಗೆಮನೆ ತಕ್ಕಡಿ ಸಾವಿರ ಪಾಲು ಕೆಲಸ ಮಾಡಿತು.

ಬದಲಿ ಔಷಧಿಗಳಲ್ಲಿ ನನಗೆ ಉಳಿದದ್ದು ಪುದೀನಾ ಎಣ್ಣೆಯ ಕ್ಯಾಪ್ಸೂಲ್ ಒಂದೇ. ಕರುಳಿನಲ್ಲಿ ಕರಗುವ ಲೇಪ ಇರುವುದನ್ನೇ ಕೊಳ್ಳಿ, ಜಗಿಯಬೇಡಿ. ಜಗಿದರೆ ಎದೆಯುರಿ. ಇದ್ದಿಲಿನ ಮಾತ್ರೆ ಬಿಟ್ಟೆ, ಅದು ಬೇರೆ ಔಷಧಿಯನ್ನೂ ಹೀರಿಕೊಳ್ಳುತ್ತೆ. ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ) ಮತ್ತು ಗೋಧಿ ಪರೀಕ್ಷೆ ಒಟ್ಟಿಗೆ ಹಿಡಿದು ಎರಡು ವಾರ ಕೆಟ್ಟಿತು. ಎಷ್ಟೋ ಮಾತ್ರೆಗಳ ಭರ್ತಿಯಲ್ಲೂ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇರುತ್ತೆ, ಸಾಮಾನ್ಯವಾಗಿ ಅತ್ಯಲ್ಪ, ಆದರೂ ಚೀಟಿ ಓದಿ.

ಸೇಬು ಮೂರು ಸಲ ಫೇಲ್. ಮುಂದಿನ ತಿಂಗಳು 20 ಗ್ರಾಂನಿಂದ ಮತ್ತೆ.